ಬಾರಿಸಿ ನೋಡಿ ತಂದ ನಲ್ಲಿ

ನಮ್ಮ ಅತ್ತೆ ದುಗ್ಗಮ್ಮ ನಲ್ಲಿ ಆರಿಸಿದ್ದು ಚೆಂಬು ಆರಿಸುವ ಹಾಗೆ. ಪುತ್ತೂರಿನ ಅಂಗಡಿಯಲ್ಲಿ ಒಂದೊಂದನ್ನೇ ಅಂಗೈಯಲ್ಲಿಟ್ಟು ತೂಗಿದರು, ಬೆರಳ ಗೆಣ್ಣಿನಿಂದ ಬಾರಿಸಿ ಕಿವಿಗೊಟ್ಟರು. ಅಂಗಡಿಯವನು ತೆರೆದ ಬಾಯಿ ಮುಚ್ಚಲಿಲ್ಲ. ನನ್ನ ಗಂಡ ಕುಶಾಲಪ್ಪ ಫಳಫಳ ಹೊಳೆಯುವ ಒಂದನ್ನು ತೋರಿಸಿದರು.

"ಅದು ಬರೀ ಪಾಲಿಶು ಮಾರಾಯ. ದೇವರಿಗೆ ಇಡುವ ನೀರು ಶುದ್ಧ ಹಿತ್ತಾಳೆಯಲ್ಲೇ ಬರಬೇಕು" ಎಂದರು ಅತ್ತೆ. ಎಲ್ಲಕ್ಕಿಂತ ಭಾರದ್ದನ್ನು ಮಡಿಲಲ್ಲಿಟ್ಟುಕೊಂಡೇ ಬೆಳ್ಳಾರೆಯ ಬಸ್ಸು ಹತ್ತಿದರು.

ಅದು ಅರವತ್ತೊಂದನೇ ಇಸವಿಯ ಬೇಸಿಗೆ. ಬಾವಿಗೆ ಪಂಪು ಕೂತು, ಹಿತ್ತಲಲ್ಲಿ ಟಾಂಕಿ ಎದ್ದಿತ್ತು. ಪೈಪಿನ ಕೆಲಸದ ಹಕೀಮ್ ನಲ್ಲಿ ಜೋಡಿಸಿ ಅತ್ತ ಹೋದದ್ದೇ ತಡ, ಅತ್ತೆ ಹುಳಿ ಹಾಕಿ ತಿಕ್ಕಿ ತಿಕ್ಕಿ ಅದನ್ನು ಮಡಿ ಮಾಡಿದರು.

ನನಗೆ ಖುಷಿಯಾದದ್ದು ಸೀತುವಿನ ಲೆಕ್ಕದಲ್ಲಿ. ಅವಳು ನಮ್ಮ ದನದ ಹಟ್ಟಿ ಗುಡಿಸುವವಳು. ಗಂಡ ಸುಂದರ ಪೇಟೆಯ ಮೂಲೆಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ. ಅವರ ಕಡೆಯ ಹೊಂಡ ಬತ್ತಿತ್ತು. ನಮ್ಮ ಬಾವಿಯನ್ನು ಅವಳು ಮುಟ್ಟುವ ಹಾಗಿಲ್ಲ. ಯಾರಾದರೂ ಬಂದು ಹೊಯ್ಯುವವರೆಗೆ ಕೊಡಪಾನ ಹಿಡಿದು ಬಿಸಿಲಲ್ಲಿ ನಿಲ್ಲಬೇಕು. "ಇನ್ನು ನೀನೇ ನಲ್ಲಿ ತಿರುಗಿಸಿ ನೀರು ಹಿಡಿದುಕೊ" ಎಂದು ನಾನು ಹೇಳಿದ್ದೆ.

"ಚರ್ಮ ಮುಟ್ಟುವ ಮನೆಯವಳ ಕೈ ನನ್ನ ನಲ್ಲಿಗೆ ಆಗುದಿಲ್ಲ ಲೋಲಾಕ್ಷಿ" ಎಂದರು ಅತ್ತೆ. ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ಮುಚ್ಚಿಕೊಂಡೆ; ಹೊಸ ಸೊಸೆ ಬೇರೆ.

ಮುಂದಿನ ಬೇಸಿಗೆಗೆ ನಲ್ಲಿ ತೊಟ್ಟಿಕ್ಕತೊಡಗಿತು. "ಇಷ್ಟು ಭಾರದ್ದು! ಅಂಗಡಿಯವ ಟೋಪಿ ಹಾಕಿದ" ಎಂದು ಅತ್ತೆ ಹಾರಾಡಿದರು. ಹಕೀಮ್ ಬಂದು ಟಾಂಕಿಯ ನೀರು ನಿಲ್ಲಿಸಿ, ನಲ್ಲಿಯ ತಲೆ ಬಿಚ್ಚಿದ. ಅಂಗಳದ ಬದಿಯಲ್ಲಿ ಸೀತು ಕಾಯುತ್ತಿದ್ದಳು. ಮನೆಯಲ್ಲಿ ಅವಳ ಮಗುವಿಗೆ ಜ್ವರ. ಗಂಜಿ ಬೇಯಿಸಲೂ ನೀರಿರಲಿಲ್ಲ.

ಹಕೀಮ್ ಒಳಗಿನಿಂದ ಕಪ್ಪಗಿನ, ಲೊಳಲೊಳ ಬಿಲ್ಲೆಯೊಂದನ್ನು ತೆಗೆದ. "ವಾಶರ್ ಹೋಗಿದೆ ಅಮ್ಮ. ನಲ್ಲಿ ಗಟ್ಟಿ ಉಂಟು."

"ಎಂತದ್ದು ಅದು?"

"ಚರ್ಮ."

ಅತ್ತೆ ಚೀರಿದರು. "ಚರ್ಮವಾ? ನನ್ನ ನಲ್ಲಿಯ ಒಳಗಾ? ಅಯ್ಯೋ ದೇವರೇ, ಒಂದು ವರ್ಷದಿಂದ ಕುಡಿದೆನಲ್ಲ!" ನನಗೂ ಹೇಸಿಗೆಯಾಯಿತು. ಸುಳ್ಳು ಯಾಕೆ ಹೇಳಲಿ, ನಾನೂ ಕುಡಿದವಳೇ.

"ಯಾವುದರ ಚರ್ಮ?" ಎಂದು ಅತ್ತೆ ಕೇಳಿದರು.

ಹಕೀಮ್ ನೆಲ ನೋಡಿದ. "ಅದೆಲ್ಲ ಕೇಳಬೇಡಿ ಅಮ್ಮ." ಕಿಸೆಯಿಂದ ಹೊಸ ಬಿಲ್ಲೆ ತೆಗೆದು ಕೂರಿಸುತ್ತ, ಸಮಾಧಾನ ಮಾಡುವವನ ಹಾಗೆ ಹೇಳಿದ: "ಅಂಗಡಿಯದ್ದು ಬಾಳಿಕೆ ಬರುದಿಲ್ಲ. ಇದು ನಮ್ಮ ಸುಂದರ ಕೊಯ್ದು ಕೊಟ್ಟದ್ದು. ಬೆಳ್ಳಾರೆಯ ನಲ್ಲಿಗಳಿಗೆಲ್ಲ ಅವನದ್ದೇ."

ಅತ್ತೆ ನಲ್ಲಿಯತ್ತ ಬೆರಳು ತೋರಿಸಿದರು. "ಕಿತ್ತು ಬಿಸಾಡು ಅದನ್ನು! ಈಗಲೇ!"

ಹಕೀಮನ ಕೈ ಅಲ್ಲೇ ನಿಂತಿತು. ಅವನು ನನ್ನ ಮುಖ ನೋಡಿದ. ನಾನು ಸೀತುವಿನ ಖಾಲಿ ಕೊಡಪಾನ ನೋಡಿದೆ. ಎಲ್ಲಿಂದ ಧೈರ್ಯ ಬಂತೋ, "ಬಿಗಿ ಮಾಡು ಹಕೀಮ್. ಟಾಂಕಿಯ ನೀರು ಬಿಡು" ಎಂದುಬಿಟ್ಟೆ. ಅವನು ಹಾಗೆಯೇ ಮಾಡಿದ. ನಲ್ಲಿಯಿಂದ ಒಂದು ಹನಿಯೂ ಸೋರಲಿಲ್ಲ.

ಆಗ ಸೀತು ಅಂಗಳ ದಾಟಿ ಬಂದಳು.

"ದುಗ್ಗಮ್ಮ, ನನ್ನ ಗಂಡನ ಕೈ ಇದರ ಒಳಗೆ ಉಂಟಲ್ಲ. ನನ್ನ ಕೈ ಹೊರಗೆ ಆಗದಾ?"

ಸೀತು ಉತ್ತರಕ್ಕೆ ಕಾಯದೆ ನಲ್ಲಿ ತಿರುಗಿಸಿದಳು. ಕೊಡಪಾನ ಕೆಳಗೆ ಹಿಡಿದಳು. ತುಂಬಿದ ಮೇಲೆ ಅವಳೇ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿದಳು.

ಆ ಸಂಜೆಯಿಂದ ಅತ್ತೆ ತಮ್ಮ ಪಾಲಿನ ನೀರನ್ನು ಬಾವಿಯಿಂದ ತಾವೇ ಸೇದತೊಡಗಿದರು. ಅವರು ಬಾರಿಸಿ ಆರಿಸಿ ತಂದ ನಲ್ಲಿ ಸೀತುವಿನದ್ದಾಯಿತು.