ತೊಳೆಯದ ಮೆಟ್ಟಿಲು

ಅಮೆರಿಕದ ಬಾಲ್ಟಿಮೋರಿನ ಒಂದು ಬೀದಿಯಲ್ಲಿ ಲುವೀನಿಯಾ ತನ್ನ ಮನೆಯ ಅಮೃತಶಿಲೆಯ ಮೆಟ್ಟಿಲನ್ನು ಹನ್ನೊಂದು ದಿನ ತೊಳೆಯದೆ ಕಾಯ್ದು ಐವತ್ತು ವರ್ಷಗಳೇ ಸಂದಿವೆ. ಮುಸ್ಸಂಜೆ ಮೊಮ್ಮಗಳೊಡನೆ ಅಲ್ಲಿ ಕುಳಿತು ಹೇಳತೊಡಗಿದರೆ ಅಂದಿನ ಬೀದಿ ಕನಸಿನಂತೆ ತೇಲಿಬರುತ್ತದೆ.

ಅವಳ ತಮ್ಮ ಥರ್ಮನ್ ಗುಂಡೇಟು ತಿಂದು ಆ ಮೆಟ್ಟಿಲಿನ ಮೇಲೆಯೇ ಪ್ರಾಣ ಬಿಟ್ಟಿದ್ದ. ಅವಳು ದೂರು ಕೊಡಲು ಹೋದಾಗ ಠಾಣೆಯ ಬಿಳಿಯ ಅಧಿಕಾರಿ ತಲೆಯೆತ್ತಿಯೂ ನೋಡಲಿಲ್ಲ.

"ನಿಮ್ ಕರಿಯರ ಬೀದೀಲಿ ಇದು ದಿನಾ ಇದ್ದಿದ್ದೇ. ಹೋಗಿ ಮೆಟ್ಲು ತೊಳ್ಕೊಳಮ್ಮ."

"ನೀವ್ ಬಂದು ಬರ್ಕೊಳ್ಳೋವರ್ಗೂ ಅದಕ್ಕೆ ಒಂದ್ ಹನಿ ನೀರು ಬೀಳಲ್ಲ, ಸಾಹೇಬ್ರೆ."

ಮಳೆ ಬಂದಾಗ ಅವಳು ರಕ್ತದ ಕಲೆಗೆ ಕೊಡೆ ಹಿಡಿದು ನಿಂತಳು. ಶನಿವಾರ ಶನಿವಾರ ಮೆಟ್ಟಿಲುಜ್ಜಿ ಹಾಲಿನಂತೆ ಬೆಳಗಿಸುತ್ತಿದ್ದ ನೆರೆಯ ಹೆಂಗಸರು ಆ ವಾರ ಬಕೆಟ್ಟನ್ನೇ ಮುಟ್ಟಲಿಲ್ಲ.

"ನಿನ್ ಮೆಟ್ಲು ಅಳ್ತಿರೋವಾಗ ನಮ್ದೇನೇ ನಗೋದು, ಬಿಡೇ," ಎಂದಳು ಎದುರುಮನೆಯ ಹ್ಯಾಟಿ.

ಬೆಳ್ಳಗೆ ಹೊಳೆಯುತ್ತಿದ್ದ ಬೀದಿಯೆಲ್ಲ ಮೋಡ ಕವಿದಂತೆ ಮಂಕಾಯಿತು. ಅದನ್ನು ನೋಡಲು ಪತ್ರಿಕೆಯವರು ಬಂದರು. ಹನ್ನೊಂದನೆಯ ದಿನ ಪೊಲೀಸರೂ ಬಂದು, ಕಲೆಯ ಪಕ್ಕ ಮೊಣಕಾಲೂರಿ, ಥರ್ಮನ್‌ನ ಹೆಸರಿನ ಮುಂದೆ 'ಕೊಲೆ' ಎಂದು ಬರೆದುಕೊಂಡರು. ಕೊಂದವನು ಕೊನೆಗೂ ಸಿಗಲಿಲ್ಲ. ಆದರೆ ಆ ಸಂಜೆ ಇಡೀ ಬೀದಿ ಒಟ್ಟಿಗೇ ಮೆಟ್ಟಿಲು ತೊಳೆದುಕೊಂಡಿತು.

ಮೊಮ್ಮಗಳು ನೈಲಾ ಮೆಟ್ಟಿಲಿನ ತಂಪನ್ನು ಅಂಗೈಯಲ್ಲಿ ಸವರಿದಳು.

"ಅಜ್ಜೀ, ಕೊಡೆ ಹಿಡ್ಕೊಂಡ್ ನಿಂತಿದ್ದು... ಅಲ್ಲಿಂದ ಇನ್ನೊಂದ್ಸಲ ಹೇಳು."