ಬೂದನ ಕೋಣೆ

ಅಕ್ಕ ತನ್ನ ನಾಯಿಮರಿಯನ್ನು ಬಿಟ್ಟುಹೋಗಲು ಬಂದದ್ದು ಮಟಮಟ ಮಧ್ಯಾಹ್ನ. ಪರಸ್ಥಳಕ್ಕೆ ಹೋಗುವವರ ನಾಯಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆ ದಿನ ಗೂಡುಗಳಲ್ಲಿ ಹನ್ನೊಂದು ನಾಯಿಗಳಿದ್ದವು. ಅವುಗಳಲ್ಲೊಂದು ಹಲ್ಲುದುರಿದ ಮುದುಕಿ. ಅದಕ್ಕೆ ಸಣ್ಣ ಕೆಮ್ಮು ಬಂದರೂ ಯಮನೇ ಬಂದಂತೆ.

“ಲಸಿಕೆ ಕಾರ್ಡ್ ಕೊಡು,” ಎಂದೆ.

“ನನ್ನ ಹತ್ರನೂ ಕಾರ್ಡ್ ಕೇಳ್ತೀಯಾ? ನಿನ್ನೆ ತಾನೆ ಕೆಮ್ಮಿನ ಲಸಿಕೆ ಹಾಕಿಸಿದೀನಿ.”

“ಯುದ್ಧಕಾಲೇ ಶಸ್ತ್ರಾಭ್ಯಾಸ. ಅದು ಮೈಗೆ ಹಿಡಿಯೋಕೆ ದಿನಗಟ್ಲೆ ಬೇಕು ಅಂತ ಬಡ್ಕೊಂಡಿದ್ನಲ್ಲ.”

“ಮರಿ ಗುಂಡುಕಲ್ಲಿನ ಹಾಗಿದೆ. ನನಗೆ ರೈಲಿಗೆ ಹೊತ್ತಾಯ್ತು ಕಣೆ. ಒಡಹುಟ್ಟಿದವಳಿಗೂ ಕಾನೂನಾ?”

ನನ್ನ ಬಾಯಿ ಜೋರು, ಮನಸ್ಸು ಮೆತ್ತಗೆ. ಎರಡು ವರ್ಷದ ಹಿಂದೆ ಗೆಳತಿಯೊಬ್ಬಳು ಇದೇ ರಾಗ ಹಾಡಿದಾಗ ದಾಕ್ಷಿಣ್ಯಕ್ಕೆ ಬಸಿರಾದವಳ ಹಾಗೆ ಅವಳ ನಾಯಿಯನ್ನು ಒಳಗೆ ಸೇರಿಸಿದ್ದೆ. ಅದರಿಂದ ಸೋಂಕು ಹರಡಿ ನನ್ನ ಮುದಿನಾಯಿ ಬೂದನಿಗೂ ತಗುಲಿತು. ಅವನನ್ನು ಕೊನೆಯ ಕೋಣೆಯಲ್ಲಿ ಬೇರೆ ಇಟ್ಟೆ. ಸೋಂಕು ನನ್ನ ಕೈಯಿಂದ ಹರಡದಿರಲಿ ಅಂತ ಚೆನ್ನಾಗಿರುವ ನಾಯಿಗಳಿಗೆ ಅನ್ನ ನೀರು ಮೊದಲು, ಕಾಯಿಲೆಯದಕ್ಕೆ ಕೊನೆಗೆ. ಇದು ನಮ್ಮ ಕೆಲಸದ ಕ್ರಮ. ಕ್ರಮ ತಪ್ಪಲಿಲ್ಲ. ಸರದಿ ಬೂದನವರೆಗೆ ಬರುವಷ್ಟರಲ್ಲಿ ಅವನು ಒಬ್ಬನೇ ಹೋಗಿಬಿಟ್ಟಿದ್ದ.

ಅಷ್ಟೆಲ್ಲ ಆಗಿದ್ದರೂ ನನಗೆ ಬುದ್ಧಿ ಬಂದಿರಲಿಲ್ಲ. ಅಕ್ಕನ ಕೈಯಿಂದ ಮರಿಯನ್ನು ಎತ್ತಿಕೊಂಡು ಮುದುಕಿಯ ಪಕ್ಕದ ಗೂಡಿನ ಚಿಲಕ ತೆಗೆದೆ.

ಕೊನೆಯ ಕೋಣೆಯಲ್ಲಿ ಯಾರೋ ಕೆಮ್ಮಿದರು.

ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಂಥ ಕೆಮ್ಮು, ಎರಡು ಸಲ, ಆಮೇಲೊಂದು ಸಣ್ಣ ನರಳಾಟ. ಬೊಗಳುತ್ತಿದ್ದ ಹನ್ನೊಂದೂ ನಾಯಿಗಳು ಗಪ್‌ಚುಪ್ಪಾಗಿ ಅತ್ತಲೇ ತಿರುಗಿ ನಿಂತವು.

“ಒಳಗೆ ಯಾವ ನಾಯಿ ಇದೆ?” ಎಂದಳು ಅಕ್ಕ.

“ಯಾವುದೂ ಇಲ್ಲ.”

ಬಾಗಿಲು ತೆರೆದು ತೋರಿಸಿದೆ. ಗುಡಿಸಿದ ನೆಲ, ಮಡಿಸಿಟ್ಟ ಕಂಬಳಿ, ಬೋರಲು ಹಾಕಿದ ಒಣ ಬಟ್ಟಲು. ನಾನು ಹೊಸ್ತಿಲು ದಾಟಲಿಲ್ಲ. ಮರಿ ಮಾತ್ರ ನನ್ನ ಕೈಯಿಂದ ಜಾರಿ ಇಳಿದು, ಪರಿಚಯದವರ ಮನೆಗೆ ಬಂದಂತೆ ಬಾಲ ಆಡಿಸುತ್ತ ಒಳಗೆ ಹೋಯಿತು.

“ಇದು ಅಲ್ಲೇ ಇರಲಿ,” ಎಂದೆ. ಅಕ್ಕ ರೈಲಿಗೆ ಹೊರಟಳು.

ಮೂರನೆಯ ದಿನ ಮರಿ ಕೆಮ್ಮತೊಡಗಿತು. ಡಾಕ್ಟರು ಬಂದು ನೋಡಿ ಔಷಧಿ ಕೊಟ್ಟರು. ಆ ಕೋಣೆಗೇ ಬೇರೆ ಚಪ್ಪಲಿ, ಬೇರೆ ಅಂಗಿ, ಬೇರೆ ಬಟ್ಟಲು ಇಟ್ಟೆ. ಹನ್ನೊಂದನ್ನೂ ಮುಗಿಸಿ ಅಲ್ಲಿಗೆ ಹೋಗುವಷ್ಟರಲ್ಲಿ ದಿನವೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಪ್ರತಿ ಸಲವೂ ಮರಿ ನೆಮ್ಮದಿಯಾಗಿ ಮಲಗಿರುತ್ತಿತ್ತು, ಕಂಬಳಿಯ ಒಂದು ಅಂಚಿನಲ್ಲಿ, ಉಳಿದ ಜಾಗ ಬಿಟ್ಟು. ಆ ಖಾಲಿ ಜಾಗದಲ್ಲಿ ದೊಡ್ಡ ನಾಯಿ ಸುರುಳಿ ಸುತ್ತಿ ಮಲಗಿ ಎದ್ದಷ್ಟು ತಗ್ಗು. ಒಂದು ದಿನ ಧೈರ್ಯ ಮಾಡಿ ಕೈ ಇಟ್ಟೆ. ಬಿಸಿಲು ಬೀಳುವ ಕೋಣೆಯಲ್ಲ ಅದು. ಆದರೂ ಕಂಬಳಿ ಬೆಚ್ಚಗಿತ್ತು.

ನನಗೆ ಭಯವಾಗಲಿಲ್ಲ, ಅಳು ಬಂತು.

ಮರಿ ಪೂರ್ತಿ ಹುಷಾರಾದ ಮೇಲೆ ಅಕ್ಕ ಬಂದಳು. ಹನ್ನೊಂದರಲ್ಲಿ ಒಂದೂ ಕೆಮ್ಮಿರಲಿಲ್ಲ. ಮುದುಕಿ ತನ್ನ ಮನೆ ಸೇರಿತ್ತು.

“ಪಾಪ, ಇಷ್ಟು ದಿನ ಒಂದೇ ಇತ್ತಲ್ಲ ನನ್ನ ಮರಿ,” ಎಂದಳು.

“ಒಂದೇ ಇರ್ಲಿಲ್ಲ ಬಿಡು.”

ಅಕ್ಕ ಕೊನೆಯ ಕೋಣೆಯ ಕಡೆ ನೋಡಿದಳು.

ಆ ಕೋಣೆಯಲ್ಲಿ ಈಗ ಕಾಯಿಲೆಯ ನಾಯಿ ಯಾವುದೂ ಇಲ್ಲ. ಹಾಗಾಗಿ ಬೆಳಗ್ಗೆ ಎದ್ದ ಕೂಡಲೇ, ಉಳಿದವಕ್ಕೆಲ್ಲ ಮೊದಲು, ಬೂದನ ಬಟ್ಟಲಿಗೆ ನೀರು ಹಾಕುತ್ತೇನೆ.