ಕೈಪಿಡಿಯಲ್ಲಿ ಇಲ್ಲದ ಸಾಲು

ಅಮೃತಹಳ್ಳಿಯ ಪಾಲಿಟೆಕ್ನಿಕ್ ಒಂದರಲ್ಲಿ ಸಿ ಪ್ರೋಗ್ರಾಮಿಂಗ್ ಕಲಿಸುವ ಸೌಜನ್ಯಳಿಗೆ ಲ್ಯಾಬ್ ಕೈಪಿಡಿಯ ಮೇಲೆ ಹಳೆಯ ಸಿಟ್ಟು. ಕೀಬೋರ್ಡಿನಲ್ಲಿ ಒತ್ತಿದ್ದನ್ನು ಪ್ರೋಗ್ರಾಮಿಗೆ ಓದಿಕೊಡುವ ಸ್ಕ್ಯಾನ್‌ಎಫ್ ಬಗ್ಗೆ ಅದರಲ್ಲಿ ಇದ್ದದ್ದು ಒಂದೇ ವಾಕ್ಯ: ‘ಬಳಕೆದಾರರು ಕೊಟ್ಟ ಸಂಖ್ಯೆಯನ್ನು ಓದುತ್ತದೆ.’ ಸಂಖ್ಯೆಯ ಬದಲು ಅಕ್ಷರ ಕೊಟ್ಟರೆ ಏನಾಗುತ್ತದೆ ಎಂಬ ಸುದ್ದಿಯೇ ಇಲ್ಲ. ಬರೆದ ಪುಣ್ಯಾತ್ಮ ಜನ್ಮದಲ್ಲಿ ತಪ್ಪು ಕೀಲಿ ಒತ್ತಿದವನಲ್ಲವೇನೋ.

ಅವಳ ವಿದ್ಯಾರ್ಥಿನಿ ನಯನಾ ಒತ್ತಿದ್ದಳು. ಪರೀಕ್ಷೆಯಲ್ಲಿ ಮೊದಲ ಸಲ ಕೈತಪ್ಪಿ, ಎರಡನೆಯ ಸಲ ಮತ್ತೆ ತಪ್ಪೀತೆಂಬ ಹೆದರಿಕೆಯಲ್ಲೇ. ಎರಡು ಸಲವೂ ಕೈಪಿಡಿಯ ಪ್ರೋಗ್ರಾಮ್ ಪರದೆಯ ತುಂಬ ಒಂದೇ ಪ್ರಶ್ನೆಯನ್ನು ನಿಲ್ಲದೆ ಕಾರಿತು, ಅವಳು ಫೇಲಾದಳು. ಉಳಿದ ವಿಷಯಗಳೆಲ್ಲ ಪಾಸು. ನಾಗಸಂದ್ರದ ಕಂಪನಿಯೊಂದು ಕೆಲಸ ಕೊಡಲು ಒಪ್ಪಿತ್ತು, ಆದರೆ ಈ ಸಲದ ಫಲಿತಾಂಶದ ತನಕ ಮಾತ್ರ ಕಾಯುತ್ತೇವೆ ಎಂದಿತ್ತು.

ಸೌಜನ್ಯ ಕೂತು ಒಂದು ಪುಟ ಬರೆದು ಲ್ಯಾಬಿನ ಗೋಡೆಗೆ ಅಂಟಿಸಿದಳು. ‘ಸಂಖ್ಯೆ ಕೇಳಿದಾಗ ಅಕ್ಷರ ಬಂದರೆ ಸ್ಕ್ಯಾನ್‌ಎಫ್ ಅದನ್ನು ಮುಟ್ಟುವುದಿಲ್ಲ. ಮಕ್ಕಳು ತಟ್ಟೆಯಲ್ಲಿ ಬಿಟ್ಟ ಹಾಗಲಕಾಯಿಯ ಹಾಗೆ ಅದು ಅಲ್ಲೇ ಇರುತ್ತದೆ, ಮುಂದಿನ ಸಲವೂ ಅದೇ ಎದುರಾಗುತ್ತದೆ. ಎಷ್ಟು ಓದಿದೆನೆಂದು ಸ್ಕ್ಯಾನ್‌ಎಫ್ ಹೇಳುತ್ತದೆ; ಅದನ್ನು ಕೇಳಿಸಿಕೊಳ್ಳಿ, ಉಳಿದದ್ದನ್ನು ನೀವೇ ಎತ್ತಿ ಬಿಸಾಡಿ.’

ನಯನಾ ಓದಿದಳು, ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದಳು, ಬೇಕೆಂದೇ ಅಕ್ಷರಗಳನ್ನು ಒತ್ತಿದಳು. ಪ್ರೋಗ್ರಾಮ್ ‘ಸಂಖ್ಯೆ ಕೊಡಿ’ ಎಂದು ಸುಮ್ಮನೆ ಕಾದು ನಿಂತಿತು.

“ಇಷ್ಟೇನಾ ಮೇಡಂ? ನನ್ ಕೈಯೇ ಸರಿ ಇಲ್ಲ ಅನ್ಕೊಂಡಿದ್ದೆ.” ಆಮೇಲೆ ಮೆಲ್ಲಗೆ ಕೇಳಿದಳು, “ಎಕ್ಸಾಮಲ್ಲಿ ಹಿಂಗೇ ಬರೀಲಾ, ಬುಕ್ಕಲ್ಲಿರೋ ಥರ ಬರೀಲಾ?”

“ಸರಿಯಾಗಿರೋದನ್ನೇ ಬರಿ ಕಣಮ್ಮ.”

ಅವಳು ಹಾಗೇ ಬರೆದಳು. ಪ್ರೋಗ್ರಾಮ್ ಎಲ್ಲೂ ಎಡವಲಿಲ್ಲ. ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಪರದೆಯತ್ತ ಒಮ್ಮೆ ನೋಡಿ, ಅವಳ ಉತ್ತರವನ್ನು ಮಾದರಿ ಉತ್ತರದ ಪಕ್ಕ ಇಟ್ಟು, ಸಾಲಿಗೆ ಸಾಲು ಬೆರಳಿಟ್ಟು ಹೋಲಿಸಿದರು. ಎಲ್ಲ ಕಡೆ ನಡೆಯುವುದೂ ಹಾಗೆಯೇ. ಹೊಸ ಸಾಲುಗಳ ಹತ್ತಿರ ಬೆರಳು ನಿಂತಿತು. ಪೂರ್ತಿ ಉತ್ತರದ ಮೇಲೆ ಕೆಂಪು ಗೀಟು ಬಿತ್ತು.

“ಸರಿಯಾಗಿ ರನ್ ಆಗ್ತಿದೆಯಲ್ಲ ಸಾರ್,” ಎಂದಳು ಸೌಜನ್ಯ.

“ರನ್ ಆಗೋದು ಬೇರೆ, ಮಾರ್ಕ್ಸ್ ಕೊಡೋ ಸ್ಕೀಮ್ ಬೇರೆ ಮೇಡಂ. ನಾಳೆ ನನ್ನನ್ನ ಕೇಳ್ತಾರೆ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ. ವಿಭಾಗದ ಮುಖ್ಯಸ್ಥ ಉಪೇಂದ್ರ ಅವರ ಬಳಿ ಹೋದರೆ, ಅವರು ಪುಟವನ್ನು ಮೆಚ್ಚಿ ತಲೆದೂಗಿದರು. “ಚೆನ್ನಾಗ್ ಬರ್ದಿದೀರ. ಸಿಲಬಸ್ ಕಮಿಟಿಗೆ ಕಳ್ಸೋಣ. ಅಲ್ಲೀವರ್ಗೂ ಗೋಡೆಯಿಂದ ತೆಗ್ದುಬಿಡಿ, ಹುಡುಗ್ರು ಕನ್‌ಫ್ಯೂಸ್ ಆಗ್ತಾರೆ.”

ಫಲಿತಾಂಶ ಬಂದ ವಾರ ನಯನಾ ಟಿಸಿ ತೆಗೆದುಕೊಳ್ಳಲು ಬಂದಳು. ಕಂಪನಿ ಬೇರೆಯವರನ್ನು ತೆಗೆದುಕೊಂಡಿತ್ತು. ಅವಳು ಅಳಲಿಲ್ಲ, ಅತ್ತಿದ್ದರೆ ಸೌಜನ್ಯಳಿಗೆ ಸಮಾಧಾನ ಹೇಳುವ ಕೆಲಸವಾದರೂ ಇರುತ್ತಿತ್ತು.

“ಅರ್ಥ ಆಗ್ದೆ ಇದ್ದಾಗ ಫೇಲಾದೆ ಮೇಡಂ, ಬೇಜಾರಾಗ್ಲಿಲ್ಲ. ಈಗ ಅರ್ಥ ಆಗಿದೆ.”

ಮುಂದಿನ ಬ್ಯಾಚಿನ ಮೊದಲ ಲ್ಯಾಬಿನಲ್ಲಿ ಹುಡುಗಿಯೊಬ್ಬಳ ಪರದೆ ನಿಲ್ಲದೆ ಓಡತೊಡಗಿತು. “ಯಾಕ್ ಮೇಡಂ ಹಿಂಗಾಗುತ್ತೆ?” ಎಂದಳು.

ಸೌಜನ್ಯ ಗೋಡೆಯತ್ತ ನೋಡಿದಳು. ಅಂಟಿನ ಕಲೆ ಇನ್ನೂ ಇತ್ತು.

“ಅದೆಲ್ಲ ಕೇಳ್ಬೇಡ,” ಎಂದಳು. “ಬುಕ್ಕಲ್ಲಿರೋದನ್ನ ಬಾಯಿಪಾಠ ಮಾಡು.”